ದುಡ್ಡು ಕೊಟ್ಟು ತಂದ ಕಲ್ಲು

ಮೈನಸ್ ಮೂವತ್ತೊಂದರ ಬೆಳಿಗ್ಗೆ
ಯಾರ್ಕ್‌ಟನ್ನಿನ ನಮ್ಮ ಮನೆಗೆ ಬಂತು
ಒದ್ದೆ ಪೇಪರಿನಲ್ಲಿ ಸುತ್ತಿದ ಹದಿನೆಂಟು ಕಿಲೋ ಕಲ್ಲು.
ಪೇಪರು ಫಿಜಿಯದು. ಯಾವುದೋ ರಗ್ಬಿ ತಂಡ ಗೆದ್ದಿತ್ತು,
ಯಾರದೋ ಮದುವೆಯ ಫೋಟೋ ಅರ್ಧ ಕರಗಿತ್ತು.

"ಕಲ್ಲಿಗೆ ದುಡ್ಡು ಕೊಟ್ಟೆಯಾ?" ಅಂದೆ ದಾರ್ಕಾಗೆ.
ಈ ಬಯಲಲ್ಲಿ ಐವತ್ತು ವಸಂತ
ಹೊಲದ ಕಲ್ಲು ಆಯ್ದು ಬೇಲಿಗೆ ಎಸೆದವನು ನಮ್ಮಪ್ಪ.
ಹಿಮ ಕರಗಿದರೆ ಮತ್ತೆ ಮೇಲೆದ್ದು ಬರುತ್ತಿದ್ದವು.
ನೆಲ ಮೊಟ್ಟೆಯಿಡುತ್ತದೆ ಅನ್ನುತ್ತಿದ್ದ.
ನಮ್ಮಲ್ಲಿ ಪುಕ್ಕಟೆ ಸಿಗುವುದು ಅದೊಂದೇ.
"ಇದು ಬದುಕಿರುವ ಕಲ್ಲು," ಅಂದಳು,
ಶಾಲೆ ಬಸ್ಸಿನ ಗ್ರೀಸು ಹೋಗುವಂತೆ
ಮೊಣಕೈವರೆಗೆ ನಿಂಬೆಹುಳಿ ಉಜ್ಜಿಕೊಳ್ಳುತ್ತ.

ಬದುಕಿತ್ತೆಂದು ನಾತದಿಂದ ಗೊತ್ತಾಯಿತು.
ದಾರಿಯಲ್ಲಿ ಸತ್ತದ್ದೆಲ್ಲ, ಸ್ಪಂಜು, ಹುಳ, ಹೆಸರಿಲ್ಲದ ಲೋಳೆ,
ನೆಲಮಾಳಿಗೆಯ ಟಬ್ಬಿನಲ್ಲಿ ಕೊಳೆಯತೊಡಗಿತು.
ಹಳೆ ಟೂತ್‌ಬ್ರಷ್ಷಿನಲ್ಲಿ ತಿಕ್ಕಿದಳು, ಜಾಲಿಸಿದಳು, ಮತ್ತೆ ತಿಕ್ಕಿದಳು.
ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು,
ದೀಪ ಬೇಡ, ಪಂಪು ನಿಲ್ಲಬಾರದು.
ಜನವರಿ ಏಳರ ಕ್ರಿಸ್ಮಸ್ಸಿಗೆ ಬಂದ ನನ್ನ ತಂಗಿ ಸ್ಟೆಫ್ಕಾ
ಊಟ ಮುಗಿಸಿ, ಮೂಗು ಮುಚ್ಚಿಕೊಂಡು, ಹೋಟೆಲಿಗೆ ಹೋದಳು.

ಭಾನುವಾರ ಗಾಜಿನ ಕೊಳವೆಗೆ ಎಂಟು ಹನಿ.
ಅಲ್ಲಾಡಿಸಿ ಕಿಟಕಿಗೆ ಹಿಡಿಯುತ್ತಾಳೆ.
ಹಸಿರೆಂದರೆ ಅಮೋನಿಯಾ. ಹಸಿರು. ಮತ್ತೆ ಹಸಿರು.
ಹೊರಗೆ ಮೇ ತಿಂಗಳವರೆಗೂ ಕಾಣದ ಬಣ್ಣ,
ಇಲ್ಲಿ ವಿಷ.
ನೀರು ಬದಲಿಸು, ಕಾಯಿ.
ಆರುವುದು ನೀರಷ್ಟೇ, ಉಪ್ಪು ಉಳಿಯುತ್ತದೆ;
ದಿನಾ ಒಂದು ಚೆಂಬು ಸಿಹಿನೀರು ಹುಯ್ಯಿ.
ಕಣ್ಣಿಗೆ ಕಾಣದ್ದೇನೋ ಕಲ್ಲಿನ ತೂತುಗಳಲ್ಲಿ ಕುಳಿತು
ಹೊಲಸು ತಿಂದು, ಅದಕ್ಕಿಂತ ಕಡಿಮೆ ಹೊಲಸು ಮಾಡುತ್ತದಂತೆ.
ಮದುವೆಯಾಗಿ ಇಪ್ಪತ್ತೆರಡು ವರ್ಷ.
ನಮಗೂ ಅಂಥದ್ದೊಂದು ಬೇಕಿತ್ತು ಅನ್ನಿಸಿತು, ಹೇಳಲಿಲ್ಲ.

ಫೆಬ್ರವರಿಯಲ್ಲಿ ಕರೆಂಟು ಹೋಯಿತು. ಹನ್ನೊಂದು ಗಂಟೆ.
ಇದ್ದ ಮೂರು ಕೌದಿಗಳಲ್ಲಿ ಎರಡು ಟಬ್ಬಿಗೆ.
ಟ್ರಕ್ಕಿನ ಬ್ಯಾಟರಿ ಬಿಚ್ಚಿ ತಂದು
ಪಂಪಿಗೆ ಸಿಕ್ಕಿಸಿದವನು ನಾನೇ.
ಯಾಕೆಂದು ಅವಳು ಕೇಳಲಿಲ್ಲ.
ಮೂರನೆಯ ಕೌದಿಯೊಳಗೆ ಇಬ್ಬರೂ ಕೇಳಿಸಿಕೊಂಡೆವು:
ಕಲ್ಲಿನೊಳಗಿಂದ ಯಾವುದೋ ಸೀಗಡಿ
ಟಕ್, ಟಕ್,
ಪಕ್ಕದ ಮನೆಯಲ್ಲಿ ಮೊಳೆ ಹೊಡೆಯುವವರ ಹಾಗೆ.

ಏಳನೆಯ ಭಾನುವಾರ ಕೊಳವೆ ಹಳದಿ.

ಮರಳು ಹಾಕುವ ಮೊದಲೇ, ಗಾಜಿನ ತಳಕ್ಕೇ ತಾಗಿಸಿ,
ನೀರು ಹಾಯಲು ಸಂದು ಬಿಟ್ಟು ಪೇರಿಸಿದೆವು.
ಯಾವ ಕಲ್ಲು ಯಾವುದರ ಮೇಲೆ ಕೂರುತ್ತದೆಂದು
ನನ್ನ ಕೈಗೆ ಗೊತ್ತಿತ್ತು; ಅಪ್ಪನ ಬೇಲಿ ಕಲಿಸಿದ್ದು.
"ಎಲ್ಲಿ ಕಲಿತೆ?" ಅಂದಳು ದಾರ್ಕಾ.

ಮೀನು ಇನ್ನೂ ತಂದಿಲ್ಲ.
ಬರೀ ಕಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು
ಏನು ನೋಡುತ್ತೀರಿ ಅನ್ನುತ್ತಾರೆ ಬಂದವರು.
ಕೆಳಗಿನ ಕಲ್ಲು, ಎಡ ಅಂಚು, ಒಂದು ನೇರಳೆ ಚುಕ್ಕೆ.
ಹೋದ ವಾರ ಸಾಸಿವೆಯಷ್ಟಿತ್ತು.