ಒಂದ್ ಸೂತ ಹೆಚ್ಚು

ಮಂಗಳವಾರ, ಶುಕ್ರವಾರ, ಸಂಜಿ ಆರೂವರಿಗೆ
ಟಿಳಕವಾಡ್ಯಾಗ, ಮೂರನೇ ಗೇಟಿನ ಹಂತೇಲೆ, ಬೇಕರಿ ಮ್ಯಾಲಿನ ಖೋಲ್ಯಾಗ
ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕ್ಲಾಸು.
ಫೀ ಕಂಪನಿ ತುಂಬೈತಿ. ಬಸ್ಸಿನ ರೊಕ್ಕ ನಂದು.
ಉದ್ಯಮಬಾಗದಿಂದ ತೆಲಿಯಾಗ ಹೊತ್ತು ತಂದ ಕರೀ ಉಸುಕು
ಚೌಗುಲೆ ಸರ್ ಕೊಟ್ಟ ಬಿಳಿ ಹಾಳಿ ಮ್ಯಾಲೆ ಉದರತೈತಿ.
ಉಳದವರು ಒಂದು ಖುರ್ಚಿ ಬಿಟ್ಟು ಕುಂದರತಾರ.

"ದೊಡ್ಡ ಕೆಲಸಾ ಅನ್ನೂದು ಇಲ್ಲ," ಅಂತಾರ ಸರ್,
"ಒಡದು ನೋಡಿದ್ರ ಎಲ್ಲಾ ಸಣ್ಣ ಕೆಲಸಗೋಳ."
ಬೋರ್ಡಿನ ಮ್ಯಾಲೆ ಒಂದು ಮದಿವಿ ಒಡದು ತೋರಿಸಿದ್ರು:
ಛತ್ರ, ಅಡಗಿ, ಕಾರ್ಡು, ಬ್ಯಾಂಡು.
ಮದುಮಗಳನ್ನ ಬರಿಯಾಕ ಮರತ್ರು.
ನಕ್ಕಿವಿ. ಅವರೂ ನಕ್ಕು, ಮೂಲ್ಯಾಗ ಸಣ್ಣದಾಗಿ ಬರದ್ರು.

ನಾ ಒಡದದ್ದು ನಮ್ಮ ಆರ್ಡರು:
ಪಂಪಿನ ಬಾಡಿ ಅರವತ್ತು, ಪುಣೇದವರಿಗೆ, ಇಪ್ಪತ್ತೆಂಟನೇ ತಾರೀಖು.
ಪ್ಯಾಟರ್ನು. ಕೋರು. ಅಚ್ಚು. ಕರಗಿಸೂದು. ಹೊಯ್ಯೂದು.
ಆರಸೂದು, ಬಿಡಿಸೂದು, ತಿಕ್ಕೂದು, ಲಾರಿ.
ಯಾವುದರ ಬೆನ್ನಿಗೆ ಯಾವುದು,
ಯಾವುದು ತಡಾ ಆದ್ರ ಎಲ್ಲಾ ತಡಾ,
ಆ ಹಾದಿಗೆ ಕೆಂಪು ಹಚ್ಚಬೇಕಂತ.
ಹಚ್ಚಿದೆ. ಚಂದ ಕಾಣ್ತು. ಭಟ್ಟಿ ಬಾಜೂಕಿನ ಕಂಬಕ್ಕ ಅಂಟಿಸಿದೆ.

ದಾವಲ ಚಾಚಾ ಚಾಳೀಸು ಏರಿಸಿ ನೋಡಿದ.
"ಛಲೋ ಐತಿ ಬೇಟಿ. ಕೋರು ಒಣಗೂದು ಎಲ್ಲಿ ಬರದಿ?"

ಬರದಿರಲಿಲ್ಲ.
ಅದು ಯಾರೂ ಮಾಡೂದಲ್ಲ, ತಾನ ಆಗೂದು;
ಕೈ ಕಟ್ಟಿ ಕುಂತ ಹೊತ್ತಿಗೂ ಗೆರಿ ಎಳೀಬೇಕಂತ ಹೊಳದಿರಲಿಲ್ಲ.
ಮಳಿಗಾಲದ ಬೆಳಗಾವಿ, ಅರಿವೀನ ನಾಕ ದಿನಾ ಒಣಗೂದಿಲ್ಲ.
ಹಸೀ ಕೋರಿನ ಮ್ಯಾಲೆ ಕಬ್ಬಿಣಾ ಹೊಯ್ದ್ರ
ಕುದ್ದು ಉಗಳತೈತಿ, ಹೊಟ್ಟಿ ತುಂಬ ತೂತು.
"ಕೆಂಪ ಹಾದಿ ಇದ ನೋಡ," ಅಂದ,
"ಇದಕ್ಕ ನೀ ಬಣ್ಣಾನ ಹಚ್ಚಿಲ್ಲ."

ಎರಡು ದಿನಾ ಕೂಡಿಸಿದೆ. ಏನಂತ ಗೊತ್ತಿಲ್ಲದ್ದಕ್ಕ ಮತ್ತೊಂದು.
ಮಾಲಕ ಪೆನ್ನು ತಗೊಂಡು ಮೂರೂ ಹೊಡದ.
"ಕ್ಲಾಸಿಗೆ ಕಳಿಸಿದ್ದು ದಿನಾ ಉಳಸಾಕ, ಬೆಳಸಾಕಲ್ಲ."

ಅವತ್ತ ರಾತ್ರಿ ಅಪ್ಪನ ಪೆಟಗಿ ತಗದೆ.
ಪ್ಯಾಟರ್ನಿನ ಬಡಿಗ್ಯಾ ಅಂವ,
ಸಾಗವಾನಿಯೊಳಗ ಇನ್ನೂ ಹುಟ್ಟದ ಕಬ್ಬಿಣಾ ಕಾಣಾಂವ.
ಉಳಿ, ಮೇಣದ ಉಂಡಿ, ತಳದಾಗ ಅವನ ಪಟ್ಟಿ.
ಫುಟ್ ಅಂತ ಬರದೈತಿ; ಫುಟ್ ಅಲ್ಲ.
ಹನ್ನೆರಡು ಇಂಚಿಗೆ ಒಂದು ಸೂತ ಹೆಚ್ಚು.
ಐದನೆತ್ತೆದಾಗ ಕದ್ದು ಸಾಲಿಗೆ ಒಯ್ದಿದ್ದೆ.
ಎಲ್ಲಾರೂ ಬೆಂಚು ಅಳದ್ರು, ನನ್ನ ಬೆಂಚು ಅಷ್ಟ ಕಡಿಮಿ ಬಂತು.
"ಸುಳ್ಳ ಪಟ್ಟಿ ಯಾಕ ಇಟ್ಟೀ?" ಅಂತ ಅತ್ತದ್ದಕ್ಕ ಅಪ್ಪ
ಬೀಡಿ ಆರಿಸಿ ಹೇಳಿದ್ದ:
"ಕಬ್ಬಿಣಾ ಆರತಾ ಆರತಾ ಕುಗ್ಗತೈತವಾ.
ಕುಗ್ಗೂದನ್ನ ಮೊದಲ ಕೊಟ್ಟು ಬಿಡಬೇಕು.
ಕಡೀಕ ಖರೇ ಅಳತಿ ಸಿಗತೈತಿ."

ಮರುದಿನ ಮಾಲಕನ ಟೇಬಲ್ ಮ್ಯಾಲೆ ಎರಡು ಪಟ್ಟಿ ಇಟ್ಟೆ,
ಬಾಜಾರದ್ದು, ಅಪ್ಪಂದು. ಮಾತಾಡಲಿಲ್ಲ.
ಅಂವ ಎರಡೂ ಜೋಡಿಸಿ, ತುದಿಗೆ ಉಗುರಿಟ್ಟು ನೋಡಿದ.
ಅವನಪ್ಪನೂ ಇದ ಅಂಗಳದಾಗ ಉಸುಕು ತುಳದಾಂವ.
"ಎರಡು ದಿನಾ ತಗೋ. ಮೂರನೇದ್ದು ಕೇಳಬ್ಯಾಡ."

ಮೂರನೇದ್ದೂ ಬೇಕಾತು.
ಇಪ್ಪತ್ತಾರಕ್ಕ ಭಟ್ಟಿ ಕಾಯಿಲ್ ಸುಟ್ಟು,
ಲಾರಿ ಇಪ್ಪತ್ತೊಂಬತ್ತಕ್ಕ ಬಿಟ್ಟಿತು.
ಪುಣೇದವರು ಸಿಟ್ಟಿನ ಕಾಗದಾ ಬರದ್ರು.
ಐವತ್ತೊಂಬತ್ತು ಪಾಸು, ಒಂದು ಸೀಳಿತ್ತು.
ದಾವಲ ಚಾಚಾ ಆ ಒಂದನ್ನ ವಾಪಸ್ ತರಿಸಿ
ಬೆಳಕಿಗೆ ಹಿಡದು ದಿನಾ ನೋಡತಾನ.

ಕಡೀ ಕ್ಲಾಸಿನ್ಯಾಗ ಒಂದು ಫಾರ್ಮು.
"ಕಲಿತ ಪಾಠ" ಅಂತ ಖಾನೆ, ಅದರ ಕೆಳಗ ನಾಕ ಗೆರಿ.
ಸರ್ ಗಡಿಯಾರ ನೋಡಾಕ ಹತ್ತಿದ್ರು,
ಕೆಳಗಿಂದ ಬ್ರೆಡ್ಡು ಬೇಯೂ ವಾಸನಿ.
ಚೀಲದಾಗಿನ ಪಟ್ಟಿ ತಗದು ಆ ಗೆರಿ ಅಳದೆ.
ಒಂದೊಂದೂ ಕಡಿಮಿ ಬಂದೂವು.
ಹಾಳಿ ಹೊಳ್ಳಿಸಿ, ಹಿಂದಿನ ಮಗ್ಗಲಕ ಬರದೆ:

ಕೋರು ಒಣಗೂದು.