ಇನ್ನೊಂದು ಸೀಟಿ

ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಮೂವತ್ತೊಂದು ವರ್ಷ ಸ್ಟೇರಿಂಗು ಹಿಡಿದವನಿಗೆ
ಇದಕ್ಕಿಂತ ಹೆಚ್ಚಿನ ವ್ಯಾಕರಣ ಗೊತ್ತಿಲ್ಲ.
ಅದಕ್ಕೇ ರಿಟೈರಾದ ಮೇಲೆ ಆಸೆಯಾಯಿತು:
ಸ್ಟಾಪಿಲ್ಲದ, ಸಿಗ್ನಲ್ಲಿಲ್ಲದ
ಒಂದೇ ಒಂದು ರೂಟು. ಹೊಳೆಯ ಮೇಲೆ. ಕಡಲ ತನಕ.

ಅಮೀರ್‌ಜಾನ್ ಹಿಂದೆ ಕೂತ.
ಬಸ್ಸಿನಲ್ಲಿ ಕೂರಲು ಪುರುಸೊತ್ತೇ ಇರಲಿಲ್ಲ ಅವನಿಗೆ.
ಕಲಾಸಿಪಾಳ್ಯದ ಬಾಡಿ ಶೆಡ್ಡಿನಲ್ಲಿ ಮಾಡಿಸಿದ ಫೈಬರ್ ದೋಣಿ,
ಬಣ್ಣ ನಮ್ಮ ಹಳೇ ಬಸ್ಸಿನದೇ, ನೀಲಿ ಬಿಳಿ.
ತೇಲುವ ಜಾಕೀಟಿನ ಕೊರಳಿಗೆ ಕಿತ್ತಳೆ ಸೀಟಿಯೊಂದು
ಪುಕ್ಕಟೆ ಬಂದಿತ್ತು; ನೋಡಿದ್ದೇ ಅವನ ಮೀಸೆ ನಕ್ಕಿತು.

ಭವಾನಿಯ ಕೂಡಲಿನಲ್ಲಿ ಎರಡು ಊದಿದ. ಹೊರಟೆವು.
ಹನ್ನೊಂದು ದಿನ. ಅರ್ಧ ನೀರು, ಅರ್ಧ ಮರಳು.
ಎಳೆದೆವು, ಹುಟ್ಟು ಹಾಕಿದೆವು, ಎಮ್ಮೆಗಳಿಗೆ ಸೈಡು ಕೊಟ್ಟೆವು.
‘ಚಿಲ್ಲರೆ ಇಟ್ಕೊಳ್ರೀ’ ಎಂದು ಕೊಕ್ಕರೆಗಳನ್ನು ಗದರಿಸಿದ.
ಹನ್ನೆರಡನೆಯ ಬೆಳಗ್ಗೆ ದಡದಲ್ಲೊಬ್ಬ ಪೊಲೀಸಿನವ
ಮೂಗಿಗೆ ಕರ್ಚೀಫು ಕಟ್ಟಿ, ಲಾಠಿ ಎತ್ತಿ ಕರೆದ.
ಊರಿನ ಹೆಸರು ಕುಳಿತಲೈ.
ಕುಳಿತೆವು.
ಅಮೀರ್‌ಜಾನ್ ಒಂದು ಊದಿದ, ಮೆಲ್ಲಗೆ, ಅಭ್ಯಾಸಕ್ಕೆ.

ಬಾಳೆಕಾಯಿ ಲಾರಿಯಲ್ಲಿ, ಗೊನೆಗಳ ಮೇಲೆ ಬೋರಲಾಗಿ
ದೋಣಿ ಅತ್ತಿಬೆಲೆ ದಾಟಿತು; ಹಿಂದೆಯೇ ಗೇಟು ಬಿತ್ತು.
ಅವನು ಪಾದರಾಯನಪುರಕ್ಕೆ, ನಾನು ಬಾಪೂಜಿನಗರಕ್ಕೆ.
ನಡುವೆ ಮೈಸೂರು ರೋಡು. ಆಮೇಲೆ ತಗಡು.

ಈಗ ತಾರಸಿಯಲ್ಲಿ, ಸಿಂಟೆಕ್ಸ್ ಟ್ಯಾಂಕಿನ ನೆರಳಿಗೆ ಲಂಗರು.
ಪುಟ್ಟತಾಯಿ ಅದರೊಳಗೆ ಹಳೇ ಸೀರೆ ಹಾಸಿ
ಅರಳು ಸಂಡಿಗೆ ಇಟ್ಟಳು. ಒಂದು ಹುಟ್ಟು ಕಾಗೆ ಓಡಿಸಲು.
ಇನ್ನೊಂದರ ಅಲಗಿನ ಮೇಲೆ ಹಾಲಿನ ಪ್ಯಾಕೆಟ್ಟಿಟ್ಟು
ಕಾಂಪೌಂಡಿನಾಚೆ ಲೋಚನಾಳ ಕೈಗೆ ದಾಟಿಸುತ್ತೇನೆ.
ಏಳಡಿ ಉದ್ದ. ಸರ್ಕಾರ ಹೇಳಿದ್ದು ಆರೇ.
ಲಾಗ್‌ಶೀಟು ಬಿಟ್ಟಿಲ್ಲ:
ದಿನ ನಲವತ್ತು. ದೂರ ಸೊನ್ನೆ. ಪ್ರಯಾಣಿಕರು, ಸಂಡಿಗೆ.

ದಿನ ಬಿಟ್ಟು ದಿನ ಮುಂಜಾನೆ ನಾಲ್ಕೂವರೆಗೆ
ಸಂಪಿನಲ್ಲಿ ಗಳಗಳ ಸದ್ದು. ಎದ್ದು ಕೂರುತ್ತೇನೆ.
ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ,
ಬೋರ್ಡು ಓದಿದಂತೆ ಹೇಳಿಕೊಳ್ಳುತ್ತೇನೆ.
ನಾವು ಇಳಿದು ಮುಗಿಸಲಾಗದ ಹೊಳೆ
ಗುಡ್ಡ ಹತ್ತಿ, ಪಾಸಿಲ್ಲದೆ, ಮಾಸ್ಕಿಲ್ಲದೆ
ನನ್ನ ನಲ್ಲಿಗೆ, ಲಾಸ್ಟ್ ಸ್ಟಾಪಿಗೆ ಬಂದಿದೆ.

ಲಾಸ್ಟ್ ಸ್ಟಾಪೂ ಅಲ್ಲ. ಇಪ್ಪತ್ತು ಎಣಿಸಿ ಕೈ ತೊಳೆಯುತ್ತೇನೆ.
ನೊರೆ ಬಚ್ಚಲಿಗಿಳಿದು, ಮೋರಿಗಿಳಿದು,
ಮೂಗು ಮುಚ್ಚಿಕೊಂಡು ನಾವು ದಾಟುವ ವೃಷಭಾವತಿಗೆ ಬಿದ್ದು,
ಅರ್ಕಾವತಿ ಹಿಡಿದು, ಸಂಗಮದಲ್ಲಿ ಬಸ್ಸು ಬದಲಿಸಿ,
ಮೆಟ್ಟೂರಿನವರು ಬಾಗಿಲು ತೆಗೆದರೆ
ನಾವು ಕುಳಿತಲ್ಲಿಗೆ ಹೋಗಿ, ಕೂರದೆ, ಮುಂದಕ್ಕೆ.
ನನ್ನ ಕೈಕೊಳೆ ನನಗಿಂತ ಮೊದಲು ಕಡಲು ಕಾಣುತ್ತದೆ.
ನಾಚಿಕೆ. ಹೊಟ್ಟೆಕಿಚ್ಚೂ.

ಜೂನಿನಲ್ಲಿ ಅಮೀರ್‌ಜಾನ್ ವಿಕ್ಟೋರಿಯಾ ಸೇರಿದ.
ಹದಿನೇಳು ದಿನ. ಬಂದ.
ಉಸಿರೆಳೆಯಲು ಕೊಟ್ಟಿದ್ದಾರಂತೆ ಮೂರು ಗೋಲಿಯ ಡಬ್ಬಿ:
ಒಂದು ಏಳುತ್ತದೆ, ಎರಡನೆಯದು ನಡುಗುತ್ತದೆ,
‘ಮೂರನೇದು ಬಾಗಿಲಲ್ಲಿ ನಿಂತ ಕಾಲೇಜ್ ಹುಡುಗನ ಥರ,
ಒಳಗೆ ಹೋಗೋ ಅಂದ್ರೂ ಅಲ್ಲಾಡಲ್ಲ.’

ಇವತ್ತು ಭಾನುವಾರ. ತಗಡು ಕಿತ್ತಿದ್ದಾರೆ, ರಸ್ತೆ ಖಾಲಿ.
ಬರಬೇಡ, ತಾರಸಿ ಹತ್ತು ಅಂದು ಫೋನು ಇಟ್ಟ.
ದೋಣಿಯೊಳಗೆ ಗೇಣು ಮಳೆನೀರು,
ಬೆಳ್ಳಗೆ ಉಬ್ಬಿದ ಸಂಡಿಗೆಯ ಚೂರೊಂದು ತೇಲುತ್ತಿತ್ತು.
ಮುಂದಿನ ಜಾಗದಲ್ಲಿ ಕೂತೆ. ಪಂಚೆ ನೆನೆಯಿತು.
ಎಷ್ಟೋ ಮನೆಯ ಕುಕ್ಕರು ಕೂಗುವ ಹೊತ್ತು.
ಅವುಗಳ ನಡುವೆಯೂ ಗುರುತು ಹಿಡಿದೆ, ರೋಡಿನಾಚೆಯಿಂದ
ತೆಳ್ಳಗೆ, ತುದಿಯಲ್ಲಿ ಒಡೆದ
ಒಂದು ಸೀಟಿ.

ಕತ್ತಲಾಯಿತು. ಹುಟ್ಟು ಮಡಿಲಲ್ಲಿದೆ.
ಪುಟ್ಟತಾಯಿ ಊಟಕ್ಕೆ ಕರೆಯುತ್ತಿದ್ದಾಳೆ.
ಇರು, ಅಂದೆ.
ಅವನು ಇನ್ನೊಂದು ಊದಬೇಕು.