ಒಂಬತ್ತರ ಕೆಳಗಿನ ಅಕ್ಷರ

ಈ ಊರಿನ ರನ್‌ವೇಗಳೆಲ್ಲ ಪೂರ್ವಕ್ಕೆ ತಲೆ ಹಾಕಿ ಮಲಗಿವೆ,
ಹಿರಿಯರ ಮಾತು ಕೇಳಿದ ಮಕ್ಕಳ ಹಾಗೆ.
ಎಚ್‌ಎಎಲ್‌ನದು, ಜಕ್ಕೂರಿನದು, ಯಲಹಂಕದಲ್ಲಿ ವಾಯುಪಡೆಯದು,
ದೇವನಹಳ್ಳಿಯ ಜೋಡಿ.
ಉತ್ತರಕ್ಕೆ ತಲೆಯಿಟ್ಟದ್ದು ಒಂದೂ ಇಲ್ಲ.
ಮೇಲಿನಿಂದ ನೋಡುವವನಿಗೆ
ಒಂದೇ ಚಾಪೆಯ ಮೇಲೆ ಮುಸುಕು ಹೊದ್ದ ಐವರು;
ಯಾರು ಯಾರೆಂದು ಮುಸುಕು ಸರಿಸಿಯೇ ಹೇಳಬೇಕು.

ಡಿಸೆಂಬರ್. ಹುಬ್ಬಳ್ಳಿಯಿಂದ ಬೆಳಗಿನ ಮೊದಲ ವಿಮಾನ.
ಎಪ್ಪತ್ತೆರಡು ಸೀಟು, ಅರವತ್ತೊಂದು ಜನ,
ಯಾರದೋ ಚೀಲದಲ್ಲಿ ಪೇಡೆಯ ಡಬ್ಬಿ.
ಎದುರಿಗೆ ಸೂರ್ಯ,
ಒರೆಸದ ಕನ್ನಡಕದಂಥ ಮಂಜು.
ದಾರಿ ಹಿಡಿದು ಇಳಿಸುವ ಯಂತ್ರ ಅಂದು ದುರಸ್ತಿಯಲ್ಲಿತ್ತು.
'ರನ್‌ವೇ ಕಂಡರೆ ಹೇಳಿ' ಎಂದಿತು ರೇಡಿಯೋ.
'ಕಾಣಿಸುತ್ತಿದೆ' ಎಂದೆ.
ಸುಳ್ಳೇನಲ್ಲ.
ಒಂದು ರನ್‌ವೇ ಕಾಣಿಸುತ್ತಿತ್ತು.

ಕಂಡದ್ದರ ಮೇಲೆ ಮನಸ್ಸು ಹೇಗೆ ಕೂರುತ್ತದೆ ಗೊತ್ತೇ?
ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲು ಎಸೆದ ಹಾಗೆ.
ಆಮೇಲೆ ಯಾರು ಬಂದು ಕೇಳಿದರೂ
'ಜನ ಬರ್ತಾರೆ.'
ಇನ್ನೂ ಎಂಟು ಮೈಲಿ ಇದೆ ಎಂದಿತು ಮ್ಯಾಪಿನ ಪರದೆ.
ಜನ ಬರ್ತಾರೆ.
ಎರಡು ಬಿಳಿ, ಎರಡು ಕೆಂಪು ಉರಿಯಬೇಕಾದಲ್ಲಿ ದೀಪವೇ ಇಲ್ಲ.
ಬಿಸಿಲಿಗೆ ಕಾಣುವುದಿಲ್ಲ ಬಿಡು, ಎಂದೆ ನನಗೆ ನಾನೇ.
ಪಕ್ಕದ ಟ್ಯಾಕ್ಸಿವೇ ಎರಡನೇ ರನ್‌ವೇ ಆಯಿತು,
ಯಲಹಂಕದ ಕೆರೆ ಇನ್ಯಾವುದೋ ಕೆರೆಯಾಯಿತು,
ಎಲ್ಲವೂ ಒಂದಿಷ್ಟು ಸರಿದು ಕೂತು
ನನ್ನ ತಪ್ಪಿಗೆ ಜಾಗ ಮಾಡಿಕೊಟ್ಟವು.

ಬಲಗಡೆ ಸೀಟಿನಲ್ಲಿ ಬೊಳ್ಳಮ್ಮ.
ಕೆಲಸಕ್ಕೆ ಸೇರಿ ಏಳು ತಿಂಗಳು.
ಆರುನೂರು ಅಡಿಯಲ್ಲಿ ಗಂಟಲು ಸರಿಮಾಡಿಕೊಂಡಳು.
ಕೇಳಿಸಿತು. ಕೆಮ್ಮು ಅಂದುಕೊಂಡೆ.
ಐನೂರರಲ್ಲಿ,
'ಸರ್, ಒಂಬತ್ತರ ಕೆಳಗೆ ಅಕ್ಷರ ಇಲ್ಲ.'

ಸೊನ್ನೆ, ಒಂಬತ್ತು. ಅಷ್ಟೇ.
ಎಡ ಎಂದೂ ಇಲ್ಲ, ಬಲ ಎಂದೂ ಇಲ್ಲ.
ಮನೆಗೊಬ್ಬನೇ ಮಗನಾದರೆ
ದೊಡ್ಡವನು ಚಿಕ್ಕವನು ಅಂತ ಯಾರು ಕರೆಯುತ್ತಾರೆ?
ಆಮೇಲೆ ಒಂದೊಂದೇ ಕಂಡವು,
ಮೊದಲಿನಿಂದಲೂ ಅಲ್ಲೇ ನಿಂತಿದ್ದವು:
ಬೂದುಬಣ್ಣದ ಸೇನಾ ವಿಮಾನಗಳು,
ಅಂಚಿನಲ್ಲಿ ಹುಲ್ಲು ಕೊಯ್ಯುವ ಟ್ರ್ಯಾಕ್ಟರು,
ಅದರ ಮೇಲೆ, ಹಣೆಗೆ ಕೈ ಅಡ್ಡ ಹಿಡಿದು
ನಮ್ಮನ್ನೇ ನೋಡುತ್ತಿದ್ದ ಮನುಷ್ಯ.

'ಗೋ ಅರೌಂಡ್!'
ಹೇಳಿದ್ದು ಯಾರೆಂದು ಧ್ವನಿಮುದ್ರಣದಲ್ಲಿದೆ.
ನಾನಲ್ಲ.

ಹನ್ನೊಂದು ನಿಮಿಷ ತಡವಾಗಿ ದೇವನಹಳ್ಳಿಯಲ್ಲಿ ಇಳಿದೆವು.
ಬಾಗಿಲ ಬಳಿ ಒಬ್ಬ ಅಜ್ಜ ನಿಂತು ಕೈ ಮುಗಿದರು:
'ಊರೆಲ್ಲಾ ಸುತ್ತಿಸಿ ತೋರಿಸಿದ್ರಿ, ಭಾಳ ಚಲೋ ಆತು.'

ವರದಿಯ ಹಾಳೆಯಲ್ಲಿ ಕಾರಣಕ್ಕೆಂದು ಎರಡು ಗೆರೆ.
ಬಿಸಿಲು, ಮಂಜು ಎಂದು ಬರೆದೆ.
ಆಯಾಸ ಎಂದು ಬರೆದು ಹೊಡೆದುಹಾಕಿದೆ.
ರೈಲು ಗಾಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ
ನೀರಿನ ಟ್ಯಾಂಕು ಹತ್ತಿ ಕೂತ ಹತ್ತು ವರ್ಷದ ಹುಡುಗ
ಶಾಲೆ ತಪ್ಪಿಸಿ ಇದೇ ರನ್‌ವೇ ನೋಡುತ್ತಿದ್ದ,
ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ
ಮೈಯಲ್ಲಿ ಕಾದ ಕಬ್ಬಿಣದ ವಾಸನೆ ಹೊತ್ತು ಕೆಳಗೆ ನಿಂತು
'ಇಳಿಯೋ, ಇಳಿ, ಮೊದಲು ಇಳಿ' ಎಂದು ಕೂಗುತ್ತಿದ್ದರು
ಎಂಬುದಕ್ಕೆ ಆ ಹಾಳೆಯಲ್ಲಿ ಕಾಲಂ ಇಲ್ಲ.
ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ.
ಅದು ಕಾರಣವೋ, ನೆಪವೋ,
ನನಗೂ ತಿಳಿಯದು.

ಬೊಳ್ಳಮ್ಮ ತನ್ನ ಹೇಳಿಕೆಗೆ ಸಹಿ ಹಾಕಿ ಕೂತಿದ್ದಳು.
ಕ್ಯಾಂಟೀನಿನಿಂದ ಎರಡು ಕಾಫಿ ತಂದೆ.
'ಸಕ್ಕರೆ ಹಾಕಿದ್ದೀರಾ ಸರ್?'
'ಹಾಕಿದ್ದೇನೆ' ಎಂದೆ.
ತಲೆಯಾಡಿಸಿದಳು,
ಒಂದು ಗುಟುಕು ಕುಡಿದು ನೋಡಿದಳು.